ಹುಚ್ಚಾಸ್ಪತ್ರೆಯಿಂದ 14416ರವರೆಗೆ

ಊರಲ್ಲಿ ಯಾರಾದ್ರೂ ಸ್ವಲ್ಪ ವಿಚಿತ್ರವಾಗಿ ಆಡಿದ್ರೆ "ಇವನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಅಂತ ನಗ್ತಿದ್ವಿ. ಬಿಇ ಮುಗಿಸಿ ಬಂದು ಯಲಹಂಕದ ರೂಮಲ್ಲಿ ನಿದ್ದೆ ಬಾರದೆ ಹೊರಳಾಡಿದ ಮೇಲೆ ಆ ಜೋಕಿಗೆ ನಗು ಬರಲಿಲ್ಲ.

1847ರಲ್ಲಿ ಶುರುವಾದಾಗ ಅದರ ಹೆಸರು 'ಲೂನಾಟಿಕ್ ಅಸೈಲಂ', ಅಂದ್ರೆ ಹುಚ್ಚಾಸ್ಪತ್ರೆ. 1925ರಲ್ಲಿ ಮೈಸೂರು ಸರ್ಕಾರ 'ಮೆಂಟಲ್ ಹಾಸ್ಪಿಟಲ್' ಅಂತ ಬದಲಿಸಿತು. 1954ರಲ್ಲಿ ತಜ್ಞರನ್ನು ತಯಾರು ಮಾಡುವ ಅಖಿಲ ಭಾರತ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಅದು ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 7 ಮಂದಿಗೆ ಮಾನಸಿಕ ತೊಂದರೆ ಕಂಡುಬಂತು.

ಬೋರ್ಡು ಬದಲಾಯ್ತು, ನಮ್ಮ ಮಾತು ಬದಲಾಗಲಿಲ್ಲ. ಆ ನಾಚಿಕೆಯಿಂದಲೇ ಎಲ್ಲ ಒಳಗೇ ಇಟ್ಕೋತೀವಿ. ಆದ ತಪ್ಪನ್ನೇ ರಾತ್ರಿಯೆಲ್ಲ ನೆನೆಯೋದು, ಎಲ್ಲದಕ್ಕೂ ನಾನೇ ಕಾರಣ ಅಂದ್ಕೊಳ್ಳೋದು, ಯಾವುದರಲ್ಲೂ ಒಂದು ಕುಂದೂ ಇರಬಾರದು ಅನ್ನೋ ಹಟ: ಇವೆಲ್ಲ ಆತಂಕ, ಖಿನ್ನತೆಗೆ ದಾರಿ ಮಾಡೋ ಅಭ್ಯಾಸಗಳು. ಹಸು ಮೆಲುಕು ಹಾಕಿದ್ರೆ ಹುಲ್ಲು ಅರಗುತ್ತೆ. ನಾವು ಹಾಕಿದ್ರೆ ಏನೂ ಅರಗಲ್ಲ.

2022ರಿಂದ ಟೆಲಿ ಮನಸ್ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು. ಈಗ ಊರಲ್ಲಿ ಆ ಜೋಕು ಬಂದಾಗೆಲ್ಲ ನಾನು ಆ ನಂಬರ್ ಹೇಳ್ತೀನಿ.