ಮುಕ್ಕಾಲು ಮಗ್ಗಿಯಿಂದ ಶೂನ್ಯ ಗಣಕ್ಕೆ



ಗಣಿತದ ಪುಸ್ತಕ ಹಿಡಿದು ಎಂದಾದರೂ ಅಜ್ಜನ ಬಳಿ ಹೋಗಿದ್ದೀರಾ? ಅವರು ನಾಲ್ಕು ಪುಟ ತಿರುವಿ, "ಇದೇನು ಲೆಕ್ಕವೋ, ಚಿತ್ರವೋ? ನಮ್ಮ ಕಾಲದಲ್ಲಿ..." ಎಂದು ಆರಂಭಿಸುತ್ತಾರೆ. ನೀವು ಮುಸಿಮುಸಿ ನಗುತ್ತೀರಿ. ಈ ನಗೆಗೂ ಒಂದು ಇತಿಹಾಸವಿದೆ.

ಹಿಂದೆ ಕೂಲಿಮಠದ ಹುಡುಗರು ಮರಳಿನ ಮೇಲೆ ಬೆರಳಿನಿಂದ ಅಂಕಿ ತಿದ್ದುತ್ತಿದ್ದರು. ಮಗ್ಗಿಯನ್ನು ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು. ಎರಡು, ಮೂರರ ಮಗ್ಗಿಯಷ್ಟೇ ಅಲ್ಲ. ಕಾಲು, ಅರೆ, ಮುಕ್ಕಾಲುಗಳಿಗೂ ಮಗ್ಗಿ! ಇದು ಬರಿಯ ಶಿಕ್ಷೆಯಾಗಿರಲಿಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲವದು. ಸೇರಿಗೆ 3 ಆಣೆ 6 ಪೈಯಂತೆ 5 ಸೇರು ಅಕ್ಕಿಗೆ ಎಷ್ಟು? 1 ರೂಪಾಯಿ 1 ಆಣೆ 6 ಪೈ. ಮಗ್ಗಿ ಬಾರದವನು ಅಂಗಡಿಯಲ್ಲಿ ಮೋಸಹೋಗುವುದು ಖಂಡಿತ.

1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾ ಪೈಸೆಯಾಯಿತು. ದಿನವೇನೋ ಮೂರ್ಖರ ದಿನ, ಆದರೆ ಸುದ್ದಿ ನಿಜ! ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವೇ ಇಲ್ಲ. ಆರು ಕೊಡಬೇಕೋ, ಏಳು ಕೊಡಬೇಕೋ? ಕಾಲು-ಮುಕ್ಕಾಲಿನ ಮಗ್ಗಿ ಹಿಂದೆ ಸರಿದು ದಶಮಾಂಶದ ಚುಕ್ಕೆ ಮುಂದೆ ಬಂದಿತು. ನಾಲಿಗೆ ಮಾತ್ರ ಬದಲಾಗಲಿಲ್ಲ. 2011ರಲ್ಲಿ ಚಲಾವಣೆ ನಿಲ್ಲುವವರೆಗೂ 25 ಪೈಸೆ ನಮಗೆ ‘ನಾಲ್ಕಾಣೆ’ಯೇ ಆಗಿತ್ತು.

1957ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ತನ್ನ ಮಕ್ಕಳು ಹಿಂದುಳಿದರೆಂದು ಗಾಬರಿಗೊಂಡ ಅಮೆರಿಕ ‘ಹೊಸ ಗಣಿತ’ಕ್ಕೆ ಒತ್ತು ಕೊಟ್ಟಿತು. ಕಂಠಪಾಠಕ್ಕಿಂತ ಅರ್ಥ ಮುಖ್ಯವೆಂಬುದು ಅದರ ಆಶಯ. ಅಲ್ಲಿನ ಗಣಿತದ ಅಧ್ಯಾಪಕ ಟಾಮ್ ಲೆಹ್ರರ್ 1965ರಲ್ಲಿ 342ರಿಂದ 173 ಕಳೆಯುವುದನ್ನೇ ಹಾಡು ಕಟ್ಟಿ ಎಲ್ಲರನ್ನೂ ನಗಿಸಿದರು. ಅರ್ಥದ ಬೆನ್ನುಹತ್ತಿದವರು 169 ಎಂಬ ಉತ್ತರವನ್ನೇ ಕಳೆದುಕೊಂಡಾರು ಎಂಬುದು ಅದರ ಕುಚೋದ್ಯ. ಆ ಅಲೆ ಮುಂದೆ ನಮ್ಮ ಪುಸ್ತಕಗಳಿಗೂ ‘ಗಣ’ಗಳನ್ನು ತಂದಿತು: ಒಳಗೆ ಏನೂ ಇಲ್ಲದ್ದು ಶೂನ್ಯ ಗಣ; ಎರಡು ಗಣಗಳಲ್ಲೂ ಇರುವುದು ಅವುಗಳ ಛೇದನ. "ಏನೂ ಇಲ್ಲದ್ದಕ್ಕೂ ಒಂದು ಪಾಠವೇ!" ಎಂದು ನಗುವ ಸರದಿ ಈಗ ಹಿರಿಯರದು.

ಆದರೆ ನಗೆಯ ಹಿಂದೆ ಒಂದು ನೋವೂ ಇದೆ. ಪಾಠ ಬದಲಾದಾಗಲೆಲ್ಲ ಮನೆಯ ಹಿರಿಯರು ಅದರ ಹೊರಗೆ ಉಳಿಯುತ್ತಾರೆ. ಸಂತೆಯ ಲೆಕ್ಕವನ್ನು ಬಾಯಲ್ಲೇ ಮುಗಿಸುತ್ತಿದ್ದ ಅಜ್ಜಿ, ಮೊಮ್ಮಗಳ ಪುಸ್ತಕದ ಮುಂದೆ ತಾನು ದಡ್ಡಿ ಎಂದುಕೊಳ್ಳುತ್ತಾಳೆ. ಬದಲಾದದ್ದು ನಾಣ್ಯ, ತೂಕ, ಹೇಳುವ ಬಗೆ, ಬುದ್ಧಿಯಲ್ಲ. ಅರ್ಥವಿಲ್ಲದ ಮಗ್ಗಿ ಗಿಳಿಪಾಠ, ನಿಜ. ಅಭ್ಯಾಸವಿಲ್ಲದ ಅರ್ಥವೂ ಅಂಗಡಿಯ ಮುಂದೆ ತಡವರಿಸುತ್ತದೆ.

ಆಣೆ-ಪೈ ಕಲಿತ ಹಿರಿಯರು ಮನೆಯಲ್ಲಿದ್ದರೆ, ಹದಿನೈದರ ಮುಕ್ಕಾಲು ಎಷ್ಟೆಂದು ಇಂದೇ ಕೇಳಿ. ‘ಹನ್ನೊಂದೂಕಾಲು’ ಎಂದು ಥಟ್ಟನೆ ಉತ್ತರ ಬಂದರೆ, ಅದು ಹೇಗೆ ಸರಿಯೆಂದು ನೀವು ಬರೆದು ತೋರಿಸಿ. ನಿಮ್ಮಿಬ್ಬರ ಗಣಗಳ ಛೇದನ ಶೂನ್ಯ ಗಣವಲ್ಲವೆಂಬುದು ಆಗ ತಿಳಿಯುತ್ತದೆ.