ಎಣ್ಣೆ ಬದಲಿಸಬೇಕಿಲ್ಲದ ಕಾರು

ಬಂಕಿನಲ್ಲಿ ಸ್ಕೂಟರಿನ ಟ್ಯಾಂಕಿಗೆ ಪೆಟ್ರೋಲಿನ ಜೊತೆ ಅಳತೆಯ ಆಯಿಲ್ ಹಾಕಿಸಿ, ಗಾಡಿಯನ್ನು ಅತ್ತಿತ್ತ ಅಲ್ಲಾಡಿಸುತ್ತಿದ್ದ ಅಪ್ಪಂದಿರನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳ ಆರೈಕೆಯೂ ಹೀಗೆಯೇ ಇತ್ತು. ಪೂರ್ವ ಜರ್ಮನಿಯ ಜನ ಇದೇ ಕೆಲಸವನ್ನು ಮೂರು ದಶಕ ತಮ್ಮ ಕಾರಿಗೂ ಮಾಡಿದರು. ಆ ಕಾರಿನ ಹೆಸರು ಟ್ರಾಬಾಂಟ್.

ಟ್ರಾಬಾಂಟ್ 1957ರಲ್ಲಿ ಸ್ವಿಕಾವ್ ಎಂಬ ಊರಿನಲ್ಲಿ ಹುಟ್ಟಿತು. ಯುದ್ಧಕ್ಕೆ ಮೊದಲು ಡಿಕೆಡಬ್ಲ್ಯೂ ಕಂಪನಿಯ ಟೂ-ಸ್ಟ್ರೋಕ್ ಕಾರುಗಳು ತಯಾರಾಗುತ್ತಿದ್ದದ್ದೂ ಅಲ್ಲಿಯೇ. 1964ರಲ್ಲಿ ಬಂದ 601 ಮಾದರಿಯೇ ಹೆಚ್ಚು ಓಡಿದ್ದು. ಎರಡು ಸಿಲಿಂಡರ್, ಸುಮಾರು 600 ಸಿಸಿ, 26 ಅಶ್ವಶಕ್ತಿ. ಎಂಜಿನ್ನಿಗೆ ಆಯಿಲ್ ಪಂಪ್ ಇಲ್ಲ, ತಳದಲ್ಲಿ ಎಣ್ಣೆ ತುಂಬಿಡುವ ತೊಟ್ಟಿಯೂ ಇಲ್ಲ. ಎಣ್ಣೆ ಪೆಟ್ರೋಲಿನೊಂದಿಗೇ ಒಳಗೆ ಹೋಗಿ, ಬೇರಿಂಗು ಪಿಸ್ಟನ್‌ಗಳನ್ನು ಸವರಿ, ಉರಿದುಹೋಗುತ್ತಿತ್ತು. ಗೇರ್‌ಬಾಕ್ಸಿಗೆ ಮಾತ್ರ ಅದರದೇ ಎಣ್ಣೆ.

ಹಾಗಾಗಿ ಇದರ ಸರ್ವಿಸಿಂಗ್ ಎಂದರೆ ಮುಖ್ಯವಾಗಿ ಅಳತೆಯ ವಿಷಯ. ಮೊದಲು 33 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. 1974ರಿಂದ 50ಕ್ಕೆ ಒಂದು. ಅಂದರೆ ಹತ್ತು ಲೀಟರಿಗೆ 300 ಮಿಲಿ ಇದ್ದದ್ದು 200ಕ್ಕೆ ಇಳಿಯಿತು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಸೀಜ್, ಹೆಚ್ಚಾದರೆ ಪ್ಲಗ್ಗಿಗೆ ಮಸಿ. ಬೆರಕೆ ಮಾಡಿದ ಪೆಟ್ರೋಲೇ ಬಂಕುಗಳಲ್ಲಿ ಸಿಗುತ್ತಿತ್ತು. ಟ್ಯಾಂಕ್ ಇದ್ದದ್ದು ಬಾನೆಟ್ಟಿನ ಕೆಳಗೆ, ಎಂಜಿನ್ನಿಗಿಂತ ಎತ್ತರದಲ್ಲಿ. ಎಷ್ಟು ಉಳಿದಿದೆ ಎಂದು ತಿಳಿಯಲು ಕಡ್ಡಿ ಅದ್ದಿ ನೋಡಬೇಕು.

ಈ ವ್ಯವಸ್ಥೆಯಲ್ಲಿ ಒಂದು ತೊಡಕಿತ್ತು. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಅದರೊಂದಿಗೆ ಎಣ್ಣೆಯೂ. ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇದ್ದರೆ ಅದು ಒಣಗುತ್ತದೆ. ಅದಕ್ಕೇ ನಾಲ್ಕನೇ ಗೇರಿನಲ್ಲಿ ಸೈಕಲ್ಲಿನ ಹಾಗೆ ಫ್ರೀವೀಲ್ ಇಟ್ಟಿದ್ದರು. ಎಂಜಿನ್ ಉಳಿಯಿತು, ಆದರೆ ಆ ಗೇರಿನಲ್ಲಿ ಎಂಜಿನ್ನಿನ ಹಿಡಿತ ಸಿಗದೆ, ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತಿತ್ತು.

ಹೊಸ ಕಾರಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಿದ್ದ ದೇಶವದು, ಬಿಡಿಭಾಗಗಳಿಗೂ ಬರ. ಪ್ಲಗ್ ಒರೆಸುವುದು, ಪಾಯಿಂಟ್ ಅಂತರ ಹೊಂದಿಸುವುದು ಮಾಲೀಕರೇ ಕಲಿತರು. ಅವರಿಗಾಗಿ ಬಂದ ರಿಪೇರಿ ಪುಸ್ತಕಮಾಲೆಯ ಹೆಸರನ್ನು ಕನ್ನಡಕ್ಕೆ ತಂದರೆ ‘ನನಗೆ ನಾನೇ ಹೇಗೆ ನೆರವಾಗಲಿ’ ಎಂದಾಗುತ್ತದೆ. ಅದರಲ್ಲಿ ಸ್ವಾವಲಂಬನೆಯೂ ಕೇಳಿಸುತ್ತದೆ, ಬೇರೆ ದಾರಿಯಿಲ್ಲದ್ದೂ ಕೇಳಿಸುತ್ತದೆ.

ಕಾರ್ಖಾನೆಯ ಎಂಜಿನಿಯರುಗಳು ಸುಮ್ಮನೆ ಕೂತಿರಲಿಲ್ಲ. 1960ರ ದಶಕದಲ್ಲೇ ಪಿ603 ಎಂಬ ಹೊಸ ಮಾದರಿ ತಯಾರಿಸಿದ್ದರು. ಮೇಲಿನವರು ಅದನ್ನು ನಿಲ್ಲಿಸಿದರು. 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ತೆರೆದಾಗ ಪಶ್ಚಿಮದವರು ಕಂಡದ್ದು ಸಾಲುಸಾಲು ಟ್ರಾಬಾಂಟ್‌ಗಳನ್ನು, ಅವುಗಳ ನೀಲಿ ಹೊಗೆಯನ್ನು. 1990ರಲ್ಲಿ ಫೋಕ್ಸ್‌ವ್ಯಾಗನ್ನಿನ ಫೋರ್-ಸ್ಟ್ರೋಕ್ ಎಂಜಿನ್ ಕೂರಿಸಿದರೂ ಕೊಳ್ಳುವವರು ಉಳಿದಿರಲಿಲ್ಲ. ಸುಮಾರು 30 ಲಕ್ಷ ಕಾರುಗಳ ನಂತರ, 1991ರ ಏಪ್ರಿಲ್ 30ರಂದು ತಯಾರಿಕೆ ನಿಂತಿತು.

ನಮ್ಮಲ್ಲೂ ಈ ಹೊಗೆಯ ಲೆಕ್ಕ ಕೋರ್ಟಿಗೆ ಬಂತು. 1998ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಬಂಕುಗಳಲ್ಲಿ ಟೂಟಿ ಆಯಿಲನ್ನು ಬಿಡಿಯಾಗಿ ಮಾರುವುದನ್ನು ನಿಲ್ಲಿಸಲು ಹೇಳಿತು. ಕಣ್ಣಳತೆಯಲ್ಲಿ ಸುರಿದ ಎಣ್ಣೆಯೆಲ್ಲ ಗಾಳಿ ಸೇರುತ್ತಿತ್ತು.

ಇಂದು ಗ್ಯಾರೇಜಿನಲ್ಲಿ ಕಾರಿನ ಅಡಿಯಿಂದ ಬಸಿದ ಕಪ್ಪು ಎಣ್ಣೆ ತಟ್ಟೆಯಲ್ಲಿ ಕಾಣುತ್ತದೆ, ಬಿಲ್ಲಿನಲ್ಲೂ ಕಾಣುತ್ತದೆ. ಟ್ರಾಬಾಂಟ್ ಮಾಲೀಕರಿಗೆ ಆ ಖರ್ಚಿರಲಿಲ್ಲ. ಅವರ ಹಳೆ ಎಣ್ಣೆಯನ್ನು ಊರೆಲ್ಲ ಉಸಿರಾಡಿತು.