ಬೆಕ್ಕಿನ ಭಯ, ಒಂದು ಹನಿ ರಕ್ತ

1911ರಲ್ಲಿ ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ಒಂದು ಸಣ್ಣ ಪ್ರಬಂಧ ಪ್ರಕಟಿಸಿದರು. ಪ್ರಯೋಗ ನಡೆದದ್ದು ಬೆಕ್ಕುಗಳ ಮೇಲೆ. ಬೆಕ್ಕನ್ನು ನೋವಾಗದ ಹಾಗೆ ಒಂದು ಚೌಕಟ್ಟಿಗೆ ಕಟ್ಟಿ ಮಲಗಿಸುವುದು, ಕಟ್ಟುವ ಮೊದಲೂ ಆಮೇಲೂ ಅದರ ಮೂತ್ರ ಪರೀಕ್ಷಿಸುವುದು, ಇಷ್ಟೇ ಕೆಲಸ. ಹೆದರಿ ರೇಗಿ ಒದ್ದಾಡಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಕಾಣಿಸಿತು. ಪಂಜರದೊಳಗಿನ ಬೆಕ್ಕಿನ ಎದುರು ನಾಯಿ ಬೊಗಳಿದಾಗಲೂ ಹಾಗೆಯೇ ಆಯಿತು. ಅಡ್ರಿನಲ್ ಗ್ರಂಥಿಗಳನ್ನು ತೆಗೆದುಹಾಕಿದ ಬೆಕ್ಕುಗಳಲ್ಲಿ ಮಾತ್ರ, ಅವು ಎಷ್ಟೇ ಹೆದರಿದರೂ, ಸಕ್ಕರೆ ಬರಲಿಲ್ಲ. ಕಟ್ಟಿಹಾಕಿದ ಬೆಕ್ಕಿನ ಮೂತ್ರ ಸಿಹಿಯಾಗುತ್ತದೆ ಎಂದು ಬೋಮ್ ಮತ್ತು ಹಾಫ್‌ಮನ್ ಎಂಬ ಇಬ್ಬರು 1878ರಲ್ಲೇ ಗಮನಿಸಿದ್ದರು. ಆ ಸಿಹಿಯ ಹಿಂದೆ ಭಯವಿದೆ ಎಂದು ತೋರಿಸಿದವರು ಕ್ಯಾನನ್.

ಕ್ಯಾನನ್ ಬೆಕ್ಕಿಗೇ ನಿಲ್ಲಲಿಲ್ಲ. 1913ರಲ್ಲಿ ಹಾರ್ವರ್ಡ್ ಫುಟ್‌ಬಾಲ್ ತಂಡದ ಅತ್ಯಂತ ರೋಚಕ ಪಂದ್ಯ ಮುಗಿದ ಕೂಡಲೇ 25 ಆಟಗಾರರ ಮೂತ್ರ ಪರೀಕ್ಷಿಸಿದಾಗ 12 ಮಂದಿಯಲ್ಲಿ ಸಕ್ಕರೆ ಸಿಕ್ಕಿತು. ಆ ಹನ್ನೆರಡರಲ್ಲಿ ಐವರು ಮೈದಾನಕ್ಕೆ ಇಳಿದೇ ಇರಲಿಲ್ಲ, ಬೆಂಚಿನ ಮೇಲೆ ಕೂತು ಕಾದವರು. ಕಷ್ಟದ ಪರೀಕ್ಷೆ ಬರೆದು ಬಂದ ವೈದ್ಯಕೀಯ ವಿದ್ಯಾರ್ಥಿಗಳಲ್ಲೂ ಕೆಲವರ ಮೂತ್ರ ಸಿಹಿಯಾಗಿತ್ತು. ಪಿಎಚ್.ಡಿ. ಮಾಡುತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇವತ್ತು ಮಧುಮೇಹವಿರುವ ಬೆಕ್ಕನ್ನು ಸಾಕುವವರಿಗೆ ಪಶುವೈದ್ಯರು ಹೇಳಿಕೊಡುವ ಒಂದು ವಿದ್ಯೆಗೂ ಈ ಹಳೆಯ ಪ್ರಯೋಗಕ್ಕೂ ನೇರ ಸಂಬಂಧವಿದೆ. ಬೆಕ್ಕಿನ ಕಿವಿಯ ಅಂಚಿಗೆ ಸಣ್ಣಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತ ತೆಗೆದು, ಮನೆಯಲ್ಲೇ ಶುಗರ್ ನೋಡುವ ವಿದ್ಯೆ ಅದು. ಆಸ್ಪತ್ರೆಗೆ ಬಂದ ಬೆಕ್ಕು ಹೆದರುತ್ತದೆ. ಹೆದರಿದ ಬೆಕ್ಕಿನ ಸಕ್ಕರೆ ಏರುತ್ತದೆ. ಏರಿದ ಸಕ್ಕರೆಯನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ, ಮನೆಗೆ ಬಂದು ಶಾಂತವಾದ ಬೆಕ್ಕು ರಾತ್ರಿ ಸಕ್ಕರೆ ಕುಸಿದು ಸಾಯಬಹುದು. ಹಾಗಾಗಿ ಸೂಜಿ ಆಸ್ಪತ್ರೆಯಿಂದ ಮನೆಗೆ ಬರಬೇಕಾಯಿತು. ಬೆಕ್ಕಿನ ವಿಷಯದಲ್ಲಷ್ಟೇ ಅಲ್ಲ, ಮನುಷ್ಯರ ವಿಷಯದಲ್ಲೂ ಅದು ಸುಲಭವಾಗಿ ಬರಲಿಲ್ಲ.

ಮಧುಮೇಹವನ್ನು ಮೊದಲು ಕಂಡದ್ದು ಮೂತ್ರದಲ್ಲಿ. ರೋಗಿಯ ಮೈಗೂ ಮೂತ್ರಕ್ಕೂ ಇರುವೆ ಮುತ್ತುವುದನ್ನು ಚರಕ ಸಂಹಿತೆ ಪ್ರಮೇಹದ ಮುನ್ಸೂಚನೆಗಳಲ್ಲಿ ಸೇರಿಸುತ್ತದೆ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಅದರ ರುಚಿ ಸಿಹಿ ಎಂದು ಬರೆದ. 1776ರಲ್ಲಿ ಲಿವರ್‌ಪೂಲ್‌ನ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಕಾಯಿಸಿ ಇಂಗಿಸಿ, ತಳದಲ್ಲಿ ಉಳಿದದ್ದು ಸಕ್ಕರೆ ಎಂದು ತೋರಿಸಿದ. ರೋಗಿಯ ರಕ್ತದ ತಿಳಿಯೂ ಸಿಹಿ ಎಂದು ಗುರುತಿಸಿದ. ನಮ್ಮ ಭಾಷೆಯ ಹೆಸರುಗಳಲ್ಲೂ ಈ ಚರಿತ್ರೆ ಪದರಪದರವಾಗಿ ಕೂತಿದೆ. ಮಧುಮೇಹ, ಸಿಹಿಮೂತ್ರ ರೋಗ ಎಂಬ ಹೆಸರುಗಳು ಮೂತ್ರವನ್ನು ನೋಡಿ ಹುಟ್ಟಿದವು. ‘ಸಕ್ಕರೆ ಕಾಯಿಲೆ’ಯಲ್ಲಿ ಮೂತ್ರ ಮರೆಯಾಗಿದೆ. ಈಗ ಹಳ್ಳಿಯಲ್ಲೂ ಪೇಟೆಯಲ್ಲೂ ಕೇಳುವ ‘ಅವರಿಗೆ ಶುಗರ್ ಇದೆ, ನೂರಾ ಎಂಬತ್ತು’ ಎಂಬ ಮಾತಿನಲ್ಲಿ ಕಾಯಿಲೆ ಹೆಚ್ಚುಕಡಿಮೆ ಒಂದು ಸಂಖ್ಯೆಯೇ ಆಗಿದೆ.

ಈ ಕಾಯಿಲೆಯ ಬಗೆಗಿನ ನಮ್ಮ ತಿಳಿವಳಿಕೆಗೆ ಪ್ರಾಣಿಗಳು ತೆತ್ತ ಬೆಲೆ ದೊಡ್ಡದು. 19ನೇ ಶತಮಾನದ ನಡುವೆ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೊಲದ ಮೆದುಳಿನ ಬುಡಕ್ಕೆ ಸೂಜಿ ಚುಚ್ಚಿ ಮೂತ್ರದಲ್ಲಿ ಸಕ್ಕರೆ ಬರಿಸಿದ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಡೆಸಿದ ಪ್ರಯೋಗಗಳೂ ನಾಯಿಗಳ ಮೇಲೆಯೇ. 1922ರ ಜನವರಿಯಲ್ಲಿ ಲೆನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಮೊದಲು ಇನ್ಸುಲಿನ್ ಚುಚ್ಚಿದರು. ಆಮೇಲೆ ಹಲವು ದಶಕಗಳ ಕಾಲ ಇನ್ಸುಲಿನ್ ಬಂದದ್ದು ಕಸಾಯಿಖಾನೆಯ ದನ ಮತ್ತು ಹಂದಿಗಳಿಂದ. ಹಂದಿಯ ಇನ್ಸುಲಿನ್ನೂ ನಾಯಿಯ ಇನ್ಸುಲಿನ್ನೂ ಒಂದೇ. ದನದ್ದಕ್ಕೂ ಬೆಕ್ಕಿನದ್ದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲದ್ದು.

ಇನ್ಸುಲಿನ್ ಬಂದ ಮೇಲೆ ಹೊಸ ಪ್ರಶ್ನೆ ಎದ್ದಿತು: ಎಷ್ಟು ಕೊಡಬೇಕು? ಕಡಿಮೆಯಾದರೆ ಕಾಯಿಲೆ ಬೆಳೆಯುತ್ತದೆ, ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಉತ್ತರ ಹುಡುಕಲು ಮನೆಯಲ್ಲಿ ಸಿಗುತ್ತಿದ್ದದ್ದು ಮತ್ತೆ ಮೂತ್ರವೇ. ಪಿಯುಸಿ ಪ್ರಯೋಗಾಲಯದಲ್ಲಿ ಬೆನೆಡಿಕ್ಟ್ ದ್ರಾವಣವನ್ನು ಕಾಯಿಸಿದವರಿಗೆ ನೀಲಿ ಹೋಗಿ ಇಟ್ಟಿಗೆ ಕೆಂಪು ಬರುವುದು ನೆನಪಿರಬಹುದು. 1941ರಲ್ಲಿ ಅಮೆರಿಕದ ಮೈಲ್ಸ್ ಕಂಪನಿ ಅದೇ ರಾಸಾಯನಿಕ ಕ್ರಿಯೆಯನ್ನು ‘ಕ್ಲಿನಿಟೆಸ್ಟ್’ ಎಂಬ ಮಾತ್ರೆಗೆ ಇಳಿಸಿತು. ಕೆಲವು ಹನಿ ಮೂತ್ರ, ಕೆಲವು ಹನಿ ನೀರು, ಒಂದು ಮಾತ್ರೆ. ಒಲೆಯೇ ಬೇಕಿಲ್ಲದೆ ಕೊಳವೆಯಲ್ಲಿ ಅದು ತಾನಾಗಿ ಕುದಿಯುತ್ತಿತ್ತು. ಆದರೆ ಮೂತ್ರ ಹೇಳುವುದು ಕೆಲವು ಗಂಟೆ ಹಿಂದಿನ ಸುದ್ದಿ. ಮನುಷ್ಯರಲ್ಲಿ ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದರಷ್ಟೇ ಅದು ಮೂತ್ರಕ್ಕೆ ಇಳಿಯುತ್ತದೆ. ಬೆಕ್ಕಿನಲ್ಲಿ ಈ ಮಿತಿ ಇನ್ನೂ ಮೇಲೆ. ಸಕ್ಕರೆ ಅಪಾಯಕಾರಿಯಾಗಿ ಕೆಳಗಿಳಿದಿದೆಯೇ ಎಂಬ ಪ್ರಶ್ನೆಗಂತೂ ಮೂತ್ರದಲ್ಲಿ ಉತ್ತರವೇ ಇಲ್ಲ.

ರಕ್ತವನ್ನೇ ನೋಡುವ ಪಟ್ಟಿ ಬಂದದ್ದು 1960ರ ದಶಕದ ನಡುವೆ. ‘ಡೆಕ್ಸ್‌ಟ್ರೊಸ್ಟಿಕ್ಸ್’ ಮೇಲೆ ದೊಡ್ಡ ಹನಿ ರಕ್ತ ಹಾಕಿ, ಒಂದು ನಿಮಿಷ ಕಾದು, ನೀರಿನಲ್ಲಿ ತೊಳೆದು, ಬಣ್ಣ ಹೋಲಿಸಬೇಕಿತ್ತು. ಆ ಬಣ್ಣವನ್ನು ಓದುವ ಯಂತ್ರವನ್ನು ಏಮ್ಸ್ ಎಂಬ ಸಂಸ್ಥೆ 1970ರ ಸುಮಾರಿಗೆ ತಂದಿತು. ತೂಕ ಒಂದು ಕಿಲೋಗಿಂತ ಹೆಚ್ಚು. ಅದು ವೈದ್ಯರಿಗೆ ಮತ್ತು ಆಸ್ಪತ್ರೆಗಳಿಗೆ ಮಾತ್ರ ಮಾರಾಟವಾಗುತ್ತಿತ್ತು.

ಇಲ್ಲಿ ರಿಚರ್ಡ್ ಬರ್ನ್‌ಸ್ಟೀನ್ ಎಂಬ ಎಂಜಿನಿಯರ್ ಬರುತ್ತಾರೆ. 1946ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ, ಮಧುಮೇಹ ಬಂದ ಅವರಿಗೆ ಮೂವತ್ತು ದಾಟುವಷ್ಟರಲ್ಲಿ ಮೂತ್ರಪಿಂಡದ ತೊಂದರೆ ಶುರುವಾಗಿತ್ತು. 1969ರಲ್ಲಿ ಪತ್ರಿಕೆಯೊಂದರಲ್ಲಿ ಆ ಯಂತ್ರದ ಜಾಹೀರಾತು ಕಂಡರು. ರೋಗಿಗೆ ಮಾರುವುದಿಲ್ಲವಲ್ಲ! ಅವರ ಹೆಂಡತಿ ಮನೋವೈದ್ಯೆ. ಯಂತ್ರ ಅವರ ಹೆಸರಿನಲ್ಲಿ ಮನೆಗೆ ಬಂತು. ಬರ್ನ್‌ಸ್ಟೀನ್ ದಿನಕ್ಕೆ ಐದಾರು ಸಲ ತಮ್ಮ ರಕ್ತ ತಾವೇ ನೋಡಿಕೊಂಡು, ಊಟವನ್ನೂ ಇನ್ಸುಲಿನ್ನನ್ನೂ ಹೊಂದಿಸಿಕೊಳ್ಳುತ್ತ ಹೋದರು. ಅದನ್ನು ಬರೆದು ವೈದ್ಯಕೀಯ ಪತ್ರಿಕೆಗಳಿಗೆ ಕಳಿಸಿದರೆ ಲೇಖನ ವಾಪಸ್ ಬಂತು. ಎಂಜಿನಿಯರ್ ಮಾತನ್ನು ವೈದ್ಯರು ಕೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ, ನಲವತ್ತೈದರ ವಯಸ್ಸಿನಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿ ತಾವೇ ವೈದ್ಯರಾದರು.

ಅವರೊಬ್ಬರೇ ಹೀಗೆ ಯೋಚಿಸಿದ್ದರು ಎಂದಲ್ಲ. 1978ರಲ್ಲಿ ಲಂಡನ್ ಮತ್ತು ನಾಟಿಂಗ್‌ಹ್ಯಾಮ್‌ನ ವೈದ್ಯರ ಎರಡು ತಂಡಗಳು, ರೋಗಿಗಳು ಮನೆಯಲ್ಲೇ ರಕ್ತ ಪರೀಕ್ಷಿಸಿಕೊಂಡರೆ ಸಕ್ಕರೆ ಹತೋಟಿಗೆ ಬರುತ್ತದೆ ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದವು. ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ನಿಜವಾಗಿ ಲಾಭವಿದೆಯೇ ಎಂಬ ವಾದ ಮುಗಿದದ್ದು 1993ರಲ್ಲಿ. ಅಮೆರಿಕ ಮತ್ತು ಕೆನಡಾದ 1,441 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು, ಬಿಗಿ ಹತೋಟಿಯಿಂದ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಬಹಳ ತಗ್ಗುತ್ತದೆ ಎಂದು ತೋರಿಸಿತು. ಜೊತೆಗೇ, ಸಕ್ಕರೆ ತೀರಾ ಕುಸಿಯುವ ಗಂಭೀರ ಘಟನೆಗಳು ಸುಮಾರು ಮೂರು ಪಟ್ಟಾಗುತ್ತವೆ ಎಂದೂ ತೋರಿಸಿತು. ಆಗಾಗ ಅಳೆಯದೆ ಬಿಗಿ ಹಿಡಿಯುವುದು ಕಣ್ಣು ಕಟ್ಟಿಕೊಂಡು ಗಾಡಿ ಓಡಿಸಿದ ಹಾಗೆ.

ಬೆಕ್ಕಿನ ಸರದಿ ಬಂದದ್ದು ಇದಾದ ಮೇಲೆ. ಅಲ್ಲಿಯವರೆಗಿನ ರೂಢಿ ಎಂದರೆ ಬೆಕ್ಕನ್ನು ದಿನವಿಡೀ ಆಸ್ಪತ್ರೆಯ ಪಂಜರದಲ್ಲಿಟ್ಟು, ಎರಡು ಗಂಟೆಗೊಮ್ಮೆ ರಕ್ತ ತೆಗೆದು, ಸಕ್ಕರೆಯ ಏರಿಳಿತದ ಗೆರೆ ಎಳೆಯುವುದು. ಆ ಗೆರೆಯಲ್ಲಿ ಕಾಯಿಲೆಯ ಪಾಲೆಷ್ಟು, ಭಯದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಆಸ್ಟ್ರೇಲಿಯಾದ ಜಾಕ್ವೆಲಿನ್ ರ್‍ಯಾಂಡ್ ಮತ್ತು ಸಂಗಡಿಗರು 2002ರಲ್ಲಿ ಆರೋಗ್ಯವಂತ ಬೆಕ್ಕುಗಳಿಗೆ ಐದು ನಿಮಿಷ ನೀರು ಚಿಮುಕಿಸಿ ಸ್ನಾನ ಮಾಡಿಸಿ, ಒದ್ದಾಟಕ್ಕೂ ಸಕ್ಕರೆಯ ಏರಿಕೆಗೂ ನಂಟಿದೆ ಎಂದು ತೋರಿಸಿದರು. ಕ್ಯಾನನ್ ಚೌಕಟ್ಟಿನ ಬದಲು ಇಲ್ಲಿ ಸ್ನಾನ, ಮೂತ್ರದ ಬದಲು ರಕ್ತ. ಬೆಕ್ಕು ಮಾತ್ರ ಅದೇ ಬೆಕ್ಕು.

ಅದೇ ಹೊತ್ತಿಗೆ ಝೂರಿಕ್‌ನ ಪಶುವೈದ್ಯೆ ಕ್ಲಾಡಿಯಾ ರೊಯ್ಷ್ ಅವರ ತಂಡ, ನಾಯಿ ಬೆಕ್ಕುಗಳ ಕಿವಿಯಿಂದ ಹನಿ ರಕ್ತ ತೆಗೆದು ಕೈಯಲ್ಲಿ ಹಿಡಿಯುವ ಮೀಟರಿನಲ್ಲಿ ಅಳೆಯಬಹುದು ಎಂದು ಪ್ರಕಟಿಸಿತು. ಮುಂದೆ ಅದನ್ನು ಸಾಕಿದವರಿಗೇ ಕಲಿಸಿತು. ಕಲಿಯಬೇಕಾದದ್ದು ಇಷ್ಟು: ಕಿವಿಯ ಅಂಚಿನಲ್ಲಿ ತೆಳ್ಳಗೆ ಓಡುವ ರಕ್ತನಾಳವನ್ನು ಬೆಳಕಿಗೆ ಹಿಡಿದು ಗುರುತಿಸುವುದು. ಬೆಚ್ಚಗಿನ ಬಟ್ಟೆ ಒತ್ತಿ ಕಿವಿಗೆ ಕಾವು ಕೊಡುವುದು, ಇಲ್ಲವಾದರೆ ಹನಿ ಮೂಡುವುದಿಲ್ಲ. ನಮ್ಮ ಬೆರಳಿಗೇ ಚುಚ್ಚದಿರಲೆಂದು ಕಿವಿಯ ಹಿಂದೆ ಹತ್ತಿ ಇಟ್ಟುಕೊಳ್ಳುವುದು. ಅಂಚಿನಲ್ಲಿ ಚುಚ್ಚಿ, ಸಾಸಿವೆ ಕಾಳಿನಷ್ಟು ಹನಿ ಬಂದ ಕೂಡಲೇ ಪಟ್ಟಿಯ ತುದಿ ತಾಗಿಸುವುದು. ಆಮೇಲೆ ಹತ್ತಿಯಲ್ಲಿ ಒತ್ತಿ ಹಿಡಿದು, ಬೆಕ್ಕಿಗೆ ಇಷ್ಟವಾದ, ಪಥ್ಯಕ್ಕೆ ಹೊಂದುವ ತಿನಿಸು ಕೊಡುವುದು. ದಿನವೂ ಅದೇ ಜಾಗ, ಅದೇ ಹೊತ್ತು, ಅದೇ ತಿನಿಸು ಆದರೆ ಎಷ್ಟೋ ಬೆಕ್ಕುಗಳು ಒಗ್ಗಿಕೊಳ್ಳುತ್ತವೆ. ಗಟ್ಟಿಯಾಗಿ ಅದುಮಿ ಹಿಡಿದರೆ ಕ್ಯಾನನ್ ಪ್ರಯೋಗವನ್ನು ಮನೆಯಲ್ಲಿ ಮತ್ತೆ ಮಾಡಿದಂತಾಗುತ್ತದೆ.

ಅಜ್ಜಿಯ ಮೀಟರ್ ಮನೆಯಲ್ಲೇ ಇದೆಯಲ್ಲ, ಅದೇ ಸಾಲದೇ ಎಂದು ನಮ್ಮ ಕಡೆ ಯಾರಿಗಾದರೂ ಅನ್ನಿಸುವುದು ಸಹಜ. ಮನುಷ್ಯರ ರಕ್ತದಲ್ಲಿ ಸಕ್ಕರೆಯ ದೊಡ್ಡ ಪಾಲು ಕೆಂಪು ಕಣಗಳೊಳಗೂ ಇರುತ್ತದೆ. ಬೆಕ್ಕಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕಣಗಳ ಹೊರಗೆ, ಪ್ಲಾಸ್ಮಾದಲ್ಲೇ ಇರುತ್ತದೆ. ಹೀಗಾಗಿ ಮನುಷ್ಯರಿಗೆಂದು ಹೊಂದಿಸಿದ ಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೆಂದೇ ಮೀಟರುಗಳು ಬಂದದ್ದು ಈ ಕಾರಣಕ್ಕೆ. ಯಾವ ಮೀಟರಿನಲ್ಲಿ ನೋಡಿದ್ದು ಎಂದು ಪಶುವೈದ್ಯರಿಗೆ ಹೇಳದಿದ್ದರೆ ತಂದ ಸಂಖ್ಯೆಗೆ ಅರ್ಥವಿಲ್ಲ.

2009ರಲ್ಲಿ ಕರ್ಸ್ಟನ್ ರೂಂಪ್ ಮತ್ತು ಜಾಕ್ವೆಲಿನ್ ರ್‍ಯಾಂಡ್ ಪ್ರಕಟಿಸಿದ ಅಧ್ಯಯನ ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 55 ಬೆಕ್ಕುಗಳು, ಗ್ಲಾರ್ಜಿನ್ ಎಂಬ ಇನ್ಸುಲಿನ್, ಮನೆಯಲ್ಲೇ ಅಳತೆ. ನೂರಕ್ಕೆ 64ರಷ್ಟು ಬೆಕ್ಕುಗಳು ಮುಂದೆ ಇನ್ಸುಲಿನ್ನೇ ಬೇಡದ ಸ್ಥಿತಿಗೆ ಬಂದವು. ಕಾಯಿಲೆ ಗೊತ್ತಾಗಿ ಆರು ತಿಂಗಳೊಳಗೆ ಈ ಕ್ರಮ ಶುರು ಮಾಡಿದವುಗಳಲ್ಲಿ ಇದು 84, ತಡಮಾಡಿದವುಗಳಲ್ಲಿ 35. ಬೆಕ್ಕಿನ ಮಧುಮೇಹ ಬಹುಪಾಲು ನಮ್ಮ ಎರಡನೇ ಬಗೆಯ ಮಧುಮೇಹವನ್ನು ಹೋಲುವುದರಿಂದ, ಬೇಗ ಹತೋಟಿಗೆ ತಂದರೆ ದಣಿದ ಗ್ರಂಥಿ ಚೇತರಿಸಿಕೊಳ್ಳುವ ಅವಕಾಶವಿದೆ. ಈ ಅಧ್ಯಯನದ ಆಕರ ಯಾವುದೆಂದರೆ ಸಾಕಿದವರು ಮನೆಯಲ್ಲಿ ಬರೆದಿಟ್ಟ ಲೆಕ್ಕ. ಹೊತ್ತು, ಸಂಖ್ಯೆ, ಕೊಟ್ಟ ಔಷಧಿಯ ಪ್ರಮಾಣ. ಬರ್ನ್‌ಸ್ಟೀನ್ ಮನೆಯಲ್ಲಿ ಬರೆದ ಲೆಕ್ಕ 1970ರ ದಶಕದಲ್ಲಿ ಪತ್ರಿಕೆಗಳಿಗೆ ಬೇಡವಾಗಿತ್ತು. ಬೆಕ್ಕು ಸಾಕಿದವರ ಲೆಕ್ಕ ವಿಜ್ಞಾನದ ಪುರಾವೆಯಾಯಿತು.

ಆದರೂ ಇದನ್ನು ಬರಿಯ ಗೆಲುವಿನ ಕಥೆಯಾಗಿ ಹೇಳಲಾಗದು. ಮನೆಯಲ್ಲಿ ಎಳೆದ ಗೆರೆಯೂ ದಿನದಿಂದ ದಿನಕ್ಕೆ ಬದಲಾಗುತ್ತದೆ ಎಂದು ಝೂರಿಕ್ ತಂಡವೇ 2007ರಲ್ಲಿ ತೋರಿಸಿದೆ. ಒಂದು ದಿನದ ಸಂಖ್ಯೆ ನೋಡಿ ಔಷಧಿ ಬದಲಿಸುವಂತಿಲ್ಲ. ಎಲ್ಲ ಬೆಕ್ಕುಗಳೂ ಕಿವಿ ಕೊಡುವುದಿಲ್ಲ. ಪಟ್ಟಿಗೆ ದುಡ್ಡು ಬೇಕು, ಹನ್ನೆರಡು ಗಂಟೆಗೊಮ್ಮೆ ಮನೆಯಲ್ಲಿರುವ ಒಬ್ಬರು ಬೇಕು. ಇನ್ನೊಂದು ದೊಡ್ಡ ವ್ಯತ್ಯಾಸವೂ ಇದೆ. ಬರ್ನ್‌ಸ್ಟೀನ್ ಚುಚ್ಚಿಕೊಂಡದ್ದು ತಮ್ಮದೇ ಬೆರಳಿಗೆ. ಮೀಟರ್ ತಪ್ಪಿದರೂ ಮೈ ನಡುಗಿದ್ದು, ಬೆವರಿದ್ದು ಅವರಿಗೆ ತಿಳಿಯುತ್ತಿತ್ತು. ಬೆಕ್ಕು ತನಗೆ ತಲೆ ಸುತ್ತುತ್ತಿದೆ ಎಂದು ಹೇಳುವುದಿಲ್ಲ. ಅದರ ತೂಗಾಡುವ ನಡಿಗೆ, ಮಂಕಾದ ಕಣ್ಣು, ಬಟ್ಟಲಿನಲ್ಲಿ ಬೇಗ ಖಾಲಿಯಾಗುವ ನೀರು, ಇವನ್ನೂ ಸಂಖ್ಯೆಯ ಪಕ್ಕದಲ್ಲಿಟ್ಟು ಓದಬೇಕು. ಸಂಖ್ಯೆ ತೀರಾ ಕೆಳಗಿದ್ದರೆ ವಸಡಿಗೆ ಜೇನು ಸವರಿ ವೈದ್ಯರಿಗೆ ಫೋನ್ ಮಾಡುವ ನಿರ್ಧಾರವೂ ಆ ಕ್ಷಣದಲ್ಲಿ ಎದುರಿಗಿರುವವರದ್ದೇ.

ವೈದ್ಯಕೀಯ ಇತಿಹಾಸವನ್ನು ಬರೆಯುವಾಗ ನಾವು ಪ್ರಯೋಗಾಲಯ, ಆಸ್ಪತ್ರೆ, ಕಂಪನಿಗಳ ಕಾಗದಪತ್ರ ಹುಡುಕುತ್ತೇವೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿ, ಹಳೆಯ ಡೈರಿಯ ಹಾಳೆಯಲ್ಲಿ ಗೀಚಿದ ಅಂಕಿಗಳು ಯಾವ ಪತ್ರಾಗಾರಕ್ಕೂ ಸೇರುವುದಿಲ್ಲ. ಇನ್ಸುಲಿನ್ ಕಂಡುಹಿಡಿದ ಮೇಲೆ ಅದನ್ನು ಕೊಲ್ಲದ ಔಷಧಿಯನ್ನಾಗಿ ಉಳಿಸಿಕೊಂಡು ಬಂದ ಕೆಲಸ ಬಹುಪಾಲು ನಡೆದದ್ದು ಅಂಥ ಹಾಳೆಗಳ ಮೇಲೆ, ನಿದ್ದೆಗೆಟ್ಟು ಎದ್ದು ದೀಪ ಹಾಕಿ ಹನಿ ನೋಡಿದವರ ಕೈಯಲ್ಲಿ.